ರಾಯೊ ವಾಯೆಕಾನೊ ತನ್ನ ಬಡಾವಣೆ ಬಿಟ್ಟು ಹೋದರೆ ರಾಯೊ ಆಗಿ ಉಳಿಯುತ್ತಾ?

ಕೆಂಪುಪಟ್ಟಿ

ಎಲ್ಲರಿಗೂ ನಮಸ್ಕಾರ. ಸ್ಪೇನ್ ಫುಟ್‌ಬಾಲ್ ಅಂದರೆ ನಾವು ರಿಯಲ್ ಮ್ಯಾಡ್ರಿಡ್, ಬಾರ್ಸಿಲೋನಾ ಬಿಟ್ಟು ಬೇರೆ ಮಾತಾಡುವುದು ಕಡಿಮೆ. ಇವತ್ತು ಮ್ಯಾಡ್ರಿಡ್‌ನದೇ ಒಂದು ಸಣ್ಣ ಕ್ಲಬ್ಬು, ರಾಯೊ ವಾಯೆಕಾನೊ ಬಗ್ಗೆ ಮಾತಾಡೋಣ. ತುಂಬಾ ದಿನದಿಂದ ಮನಸ್ಸಲ್ಲಿದೆ.

ಕೆಲಸದ ಮೇಲೆ ಎರಡು ವರ್ಷ ಮ್ಯಾಡ್ರಿಡ್‌ನಲ್ಲಿದ್ದೆ. ಬಾಡಿಗೆ ಕಡಿಮೆ ಅಂತ ವಾಯೆಕಾಸ್‌ನಲ್ಲಿ ಮನೆ ಹಿಡಿದೆ. ಊರಿನ ಆಗ್ನೇಯ ದಿಕ್ಕಿನಲ್ಲಿರುವ, ದುಡಿಯುವ ಜನರ ಬಡಾವಣೆ ಅದು. 1950ರವರೆಗೆ ಅದು ಮ್ಯಾಡ್ರಿಡ್‌ಗೆ ಸೇರಿರಲೇ ಇಲ್ಲ. ಬೇರೆಯದೇ ಊರು. ನಮ್ಮ ಪಕ್ಕದ ಮನೆಯ ಅಜ್ಜ ಪೇಟೆ ಕಡೆ ಹೊರಟರೆ ಈಗಲೂ "ಮ್ಯಾಡ್ರಿಡ್‌ಗೆ ಹೋಗಿ ಬರ್ತೀನಿ" ಅನ್ನುತ್ತಿದ್ದರು. ಆರು ಮೆಟ್ರೊ ನಿಲ್ದಾಣದ ದಾರಿ ಅಷ್ಟೇ.

ಮೊದಲ ಸಲ ಪಂದ್ಯಕ್ಕೆ ಹೋದದ್ದು ಒಂದು ಭಾನುವಾರ ಮಧ್ಯಾಹ್ನ. ಪೋರ್ಟಾಸ್ಗೊ ನಿಲ್ದಾಣದ ಮೆಟ್ಟಿಲು ಹತ್ತಿ ಮೇಲೆ ಬಂದರೆ ಸ್ಟೇಡಿಯಂ ಅಲ್ಲೇ ಇದೆ. ಒಳಗೆ ಮೂರೇ ಕಡೆ ಗ್ಯಾಲರಿ. ನಾಲ್ಕನೇ ಕಡೆ, ಗೋಲಿನ ಹಿಂದೆ, ಬರೀ ಗೋಡೆ. ಗೋಡೆಯ ಆಚೆ ಅಪಾರ್ಟ್‌ಮೆಂಟು. ಮೂರನೇ ಮಹಡಿಯ ಬಾಲ್ಕನಿಯಲ್ಲಿ ಒಬ್ಬ ಹೆಂಗಸು ಒಣಗಿದ ಟವೆಲ್‌ಗಳನ್ನು ತೆಗೆದು ಮಡಚುತ್ತಾ ಪಂದ್ಯ ನೋಡುತ್ತಿದ್ದಳು. ರಾಯೊಗೆ ಕಾರ್ನರ್ ಸಿಕ್ಕಾಗ ಮಡಚುವುದು ನಿಲ್ಲಿಸಿದಳು. ಬಾಲ್ ಹೊರಗೆ ಹೋಯಿತು. ಮತ್ತೆ ಮಡಚಲು ಶುರು ಮಾಡಿದಳು. ಅವತ್ತಿಂದ ನಾನು ರಾಯೊ ಕಡೆಯವನು.

ಈಗ ವಿಷಯಕ್ಕೆ ಬರುತ್ತೇನೆ. ಈ ಸ್ಟೇಡಿಯಂ ಕಟ್ಟಿದ್ದು 1976ರಲ್ಲಿ. ಹಿಡಿಸುವುದು ಸುಮಾರು 14,700 ಜನ. ಮಾಲೀಕತ್ವ ಮ್ಯಾಡ್ರಿಡ್ ಪ್ರಾದೇಶಿಕ ಸರ್ಕಾರದ್ದು. ತುಂಬಾ ಹಳತಾಗಿದೆ. ಬೇರೆ ಜಾಗದಲ್ಲಿ ಹೊಸದು ಬೇಕು ಅಂತ ಕ್ಲಬ್ಬಿನ ಅಧ್ಯಕ್ಷರು ಹೇಳುತ್ತಾ ಬಂದಿದ್ದಾರೆ. ಸರ್ಕಾರದ ಕಡೆಯಿಂದಲೂ ಅಂಥ ಮಾತು ಬಂದಿದೆ. ಅಭಿಮಾನಿಗಳು ಬೀದಿಗಿಳಿದು ಬೇಡ ಅಂದಿದ್ದಾರೆ. ನಾನೂ ಬೇಡ ಅನ್ನುವವನೇ. ನಿಮಗೇನನ್ನಿಸುತ್ತೆ?

ಗೋಲ್‌ಪೋಸ್ಟ್

ಒಳ್ಳೆ ವಿಷಯ ಎತ್ತಿದ್ದೀರಿ. ಆದರೆ ನಾನು ಒಪ್ಪುವುದಿಲ್ಲ ಸರ್. ಕ್ಲಬ್ಬು ಬೆಳೆಯಬೇಕಲ್ವಾ? 14 ಸಾವಿರ ಸೀಟು ಇಟ್ಟುಕೊಂಡು ದೊಡ್ಡ ಲೀಗ್‌ನಲ್ಲಿ ಎಷ್ಟು ವರ್ಷ ಉಳಿಯುತ್ತಾರೆ? ಮ್ಯಾಡ್ರಿಡ್‌ನದೇ ಇನ್ನೊಂದು ಕ್ಲಬ್ಬು ಅಟ್ಲೆಟಿಕೊ 2017ರಲ್ಲಿ ನದಿ ದಂಡೆಯ ಹಳೇ ಮೈದಾನ ಬಿಟ್ಟು ಊರಿನ ಇನ್ನೊಂದು ತುದಿಗೆ ಹೋಯಿತು. ಏನೂ ಕೆಡಲಿಲ್ಲ. 2021ರಲ್ಲಿ ಲೀಗ್ ಕೂಡ ಗೆದ್ದರು.

ಕೆಂಪುಪಟ್ಟಿ

ಅಟ್ಲೆಟಿಕೊ ಇಡೀ ಊರಿನ ಕ್ಲಬ್ಬು. ಊರಿನ ಯಾವ ಮೂಲೆಗೆ ಹೋದರೂ ಅವರ ಜನ ಅಲ್ಲಿಗೆ ಬರುತ್ತಾರೆ. ರಾಯೊ ಹಾಗಲ್ಲ. ಹೆಸರಲ್ಲೇ ಬಡಾವಣೆ ಇದೆ. ರಾಯೊ ಅಂದರೆ ಮಿಂಚು, ವಾಯೆಕಾನೊ ಅಂದರೆ ವಾಯೆಕಾಸ್‌ನದು. "ವಾಯೆಕಾಸ್‌ನ ಮಿಂಚು" ಬೇರೆ ಕಡೆ ಹೋಗಿ ಹೊಡೆದರೆ ಆ ಹೆಸರಿಗೆ ಅರ್ಥ ಏನು ಉಳಿಯುತ್ತೆ ಹೇಳಿ.

ಹಳೇ ಪುಟ

ಸ್ವಲ್ಪ ಚರಿತ್ರೆ ಸೇರಿಸುತ್ತೇನೆ. ಇದಿಲ್ಲದೆ ಆ ಜನಕ್ಕೆ ಯಾಕಿಷ್ಟು ಹಟ ಅಂತ ಅರ್ಥವಾಗುವುದಿಲ್ಲ.

ರಾಯೊ ಹುಟ್ಟಿದ್ದು 1924ರ ಮೇ 29ರಂದು. ಹುಟ್ಟಿದ ಜಾಗ ಕಚೇರಿ ಅಲ್ಲ, ಹೋಟೆಲ್ ಅಲ್ಲ. ಪ್ರುಡೆನ್ಸಿಯಾ ಪ್ರಿಯೇಗೊ ಅನ್ನುವ ಹೆಂಗಸಿನ ಮನೆ. ಅಲ್ಲಿ ಕೂತು ಬಡಾವಣೆಯ ಹುಡುಗರು ಕ್ಲಬ್ಬು ಕಟ್ಟಿದರು.

ಆಮೇಲೆ ಅಂತರ್ಯುದ್ಧ ಬಂತು. 1936ರಲ್ಲಿ ವಾಯೆಕಾಸ್ ಮೇಲೆ ಬಾಂಬು ಬಿತ್ತು. ಪೆಯ್ರೋನ್ಸೆಲಿ ಬೀದಿಯ 10ನೇ ನಂಬರಿನ ಮನೆಯ ಮುಂದೆ ಮಕ್ಕಳು ಕೂತಿರುವ ಫೋಟೊ ಜಗತ್ತೆಲ್ಲ ನೋಡಿತು. ಗೋಡೆ ತುಂಬಾ ಚೂರು ಬಡಿದ ತೂತುಗಳು. ತೆಗೆದದ್ದು ರಾಬರ್ಟ್ ಕಾಪಾ.

ಯುದ್ಧ ಮುಗಿದ ಮೇಲೆ, 50ರ ಮತ್ತು 60ರ ದಶಕದಲ್ಲಿ, ಆಂದಲೂಸಿಯಾ, ಎಸ್ತ್ರೆಮದುರಾ ಕಡೆಯ ಹಳ್ಳಿಗಳಿಂದ ಕೂಲಿ ಹುಡುಕಿಕೊಂಡು ಸಾವಿರಾರು ಸಂಸಾರಗಳು ಬಂದವು. ಮನೆ ಕಟ್ಟಲು ಪರವಾನಗಿ ಇಲ್ಲ. ಹಾಗಾಗಿ ರಾತ್ರೋರಾತ್ರಿ ಕಟ್ಟುತ್ತಿದ್ದರು. ಬೆಳಗಾಗುವಷ್ಟರಲ್ಲಿ ಮಾಡು ಕೂತು, ಒಳಗೆ ಸಂಸಾರ ಇದ್ದರೆ ಕೆಡವುವುದು ಕಷ್ಟ. ಅದಕ್ಕೇ ನೆಂಟರು, ಪಕ್ಕದವರು, ಅದೇ ಹಳ್ಳಿಯವರು ಎಲ್ಲ ಸೇರಿ ಒಂದೇ ರಾತ್ರಿಯಲ್ಲಿ ಗೋಡೆ ಎಬ್ಬಿಸಿ ಮಾಡು ಹಾಕುತ್ತಿದ್ದರು. ನೀರು, ಚರಂಡಿ, ಶಾಲೆ, ಬಸ್ಸು, ಎಲ್ಲವನ್ನೂ ಹೀಗೇ ಕೇಳಿ ಕೇಳಿ, ಸಂಘ ಕಟ್ಟಿಕೊಂಡು ಪಡೆದರು.

ಈಗ ಯೋಚನೆ ಮಾಡಿ. ತಲೆ ಮೇಲಿನ ಮಾಡನ್ನೇ ಒಂದು ರಾತ್ರಿಯಲ್ಲಿ ತಮ್ಮ ಕೈಯಾರೆ ಹಾಕಿಕೊಂಡವರ ಮೊಮ್ಮಕ್ಕಳಿಗೆ "ನಿಮ್ಮ ಮೈದಾನ ಬೇರೆ ಕಡೆ ಹಾಕುತ್ತೇವೆ" ಅಂದರೆ ಹೇಗಿರುತ್ತೆ?

ಎಡಬದಿ ಆಟಗಾರ

ಹಳೇ ಪುಟ ಅವರೇ, ಆ ಗುಡಿಸಲು ವಿಷಯ ನನಗೆ ಗೊತ್ತಿರಲಿಲ್ಲ. ಓದಿ ಸುಮ್ನೆ ಕೂತುಬಿಟ್ಟೆ. ಆ ಕೆಂಪು ಪಟ್ಟಿ ಎಲ್ಲಿಂದ ಬಂತು? ಅರ್ಜೆಂಟೀನಾದ ರಿವರ್ ಪ್ಲೇಟ್ ಜೆರ್ಸಿ ಥರಾನೇ ಇದೆಯಲ್ಲ.

ಹಳೇ ಪುಟ

ಮೊದಲು ಪೂರ್ತಿ ಬಿಳಿ ಜೆರ್ಸಿ ಇತ್ತು. 1949ರಲ್ಲಿ ಅಟ್ಲೆಟಿಕೊ ಜೊತೆ ಒಂದು ಒಪ್ಪಂದ ಆಯಿತು. ಪೂರ್ತಿ ಬಿಳಿ ಅಂದರೆ ರಿಯಲ್ ಮ್ಯಾಡ್ರಿಡ್‌ನದೇ ಅನ್ನಿಸುತ್ತೆ, ಸ್ವಲ್ಪ ಕೆಂಪು ಬರಲಿ ಅಂತಾಯಿತು. ಆಗ ಎದೆಗೆ ಅಡ್ಡಲಾಗಿ ಓರೆಯಾದ ಕೆಂಪು ಪಟ್ಟಿ ಬಂತು. ಅಭಿಮಾನಿಗಳು ಈಗ ಅದನ್ನು ಸುಮ್ನೆ "ಪಟ್ಟಿ" ಅಂತಲೇ ಕರೆಯುತ್ತಾರೆ.

ಬೆಂಚಿನಿಂದ

ನಾನು ರಾಯೊ ಹೆಸರು ಮೊದಲು ಕೇಳಿದ್ದು ಒಬ್ಬ ಅಜ್ಜಿಯ ಸುದ್ದಿಯಲ್ಲಿ. 2014ರ ನವೆಂಬರ್. ವಾಯೆಕಾಸ್‌ನ 85 ವರ್ಷದ ಅಜ್ಜಿಯನ್ನು ಮನೆಯಿಂದ ಹೊರಹಾಕಿದರು. ಮಗ ಮಾಡಿದ ಸಾಲಕ್ಕೆ ಅಜ್ಜಿಯ ಮನೆ ಅಡವಿಟ್ಟಿತ್ತು. ಆಗ ಸ್ಪೇನ್‌ನಲ್ಲಿ ಇಂಥದ್ದು ದಿನಾ ನಡೆಯುತ್ತಿತ್ತು. 2008ರ ಆರ್ಥಿಕ ಕುಸಿತದ ಪೆಟ್ಟು ಇನ್ನೂ ಆರಿರಲಿಲ್ಲ. ಆಗ ರಾಯೊ ಕೋಚ್ ಪಾಕೊ ಹೆಮೆಸ್ ಪತ್ರಕರ್ತರ ಮುಂದೆ ಬಂದು, ಆಟಗಾರರು, ಕೋಚ್‌ಗಳು, ಕ್ಲಬ್ಬು ಎಲ್ಲ ಸೇರಿ ಆ ಅಜ್ಜಿ ಬದುಕಿರುವವರೆಗೆ ಬಾಡಿಗೆ ಕಟ್ಟುತ್ತೇವೆ ಅಂದರು. ಒಂದು ಪಂದ್ಯದ ಪ್ರತಿ ಟಿಕೆಟ್‌ನಿಂದ 5 ಯೂರೊ ಅಜ್ಜಿಗೆ ಅಂತ ತೆಗೆದಿಟ್ಟರು.

ದೊಡ್ಡ ಕ್ಲಬ್ಬುಗಳೂ ದಾನ ಮಾಡುತ್ತವೆ, ಇದಕ್ಕಿಂತ ಜಾಸ್ತಿಯೇ ಮಾಡುತ್ತವೆ. ಆದರೆ ಇಲ್ಲಿ ಅಜ್ಜಿ ಪಕ್ಕದ ಬೀದಿಯವಳು. ನನಗೆ ಅದು ದಾನ ಅನ್ನಿಸಲೇ ಇಲ್ಲ. ಓಣಿಯಲ್ಲಿ ಒಬ್ಬರಿಗೆ ಕಷ್ಟ ಬಂದಾಗ ಉಳಿದವರು ಬಾಗಿಲಿಗೆ ಬಂದು ನಿಲ್ಲುವ ಹಾಗೆ ಅನ್ನಿಸಿತು.

ಗೋಲ್‌ಪೋಸ್ಟ್

ಇದನ್ನು ಒಪ್ಪುತ್ತೇನೆ. ಆದರೆ ಹೊಸ ಸ್ಟೇಡಿಯಂಗೆ ಹೋದರೆ ಇದೆಲ್ಲ ನಿಂತುಹೋಗುತ್ತೆ ಅಂತ ಯಾಕೆ ಅಂದುಕೊಳ್ಳಬೇಕು? ಮನಸ್ಸು ಇದ್ದರೆ ಎಲ್ಲಿದ್ದರೂ ಮಾಡಬಹುದು.

ಎರಡನೇ ಅರ್ಧ

ಸರ್, ಮನಸ್ಸು ಬರುವುದೇ ಕಣ್ಣಿಗೆ ಕಂಡಾಗ. ಆ ಅಜ್ಜಿ ಇದ್ದದ್ದು ಅದೇ ಬಡಾವಣೆಯಲ್ಲಿ. ಊರಾಚೆ ಹೆದ್ದಾರಿ ಪಕ್ಕ ಸ್ಟೇಡಿಯಂ ಕಟ್ಟಿದರೆ ದಾರಿಯಲ್ಲಿ ಯಾರು ಕಾಣುತ್ತಾರೆ?

ಗ್ಯಾಲರಿ ಹುಡುಗಿ

ಎಲ್ಲರೂ ಗಂಡಸರ ತಂಡದ ಬಗ್ಗೆಯೇ ಬರೆಯುತ್ತಿದ್ದೀರಿ. ರಾಯೊ ಮಹಿಳಾ ತಂಡ 2009, 2010, 2011, ಸತತ ಮೂರು ವರ್ಷ ಸ್ಪೇನ್ ಲೀಗ್ ಗೆದ್ದಿದೆ. 2008ರಲ್ಲಿ ಕಪ್ ಕೂಡ ಗೆದ್ದಿದೆ. ಗಂಡಸರ ತಂಡ ನೂರು ವರ್ಷದಲ್ಲಿ ಒಂದು ಸಲವೂ ಮೊದಲ ದರ್ಜೆಯ ಲೀಗ್ ಗೆದ್ದಿಲ್ಲ. ಮುಂದೆ ವಿಶ್ವಕಪ್ ಗೆದ್ದ ಜೆನ್ನಿ ಎರ್ಮೊಸೊ ಈ ತಂಡದಲ್ಲಿ ಆಡಿದವಳು.

ಅಂಥ ತಂಡ 2022ರಲ್ಲಿ ಮೊದಲ ದರ್ಜೆಯಿಂದ ಕೆಳಗಿಳಿಯಿತು. ಮುಂದಿನ ವರ್ಷ ಇನ್ನೊಂದು ಮೆಟ್ಟಿಲು ಕೆಳಗೆ. ತಂಡಕ್ಕೆ ಬೇಕಾದ ಸೌಕರ್ಯ ಕೊಡುತ್ತಿಲ್ಲ ಅಂತ ಆಟಗಾರ್ತಿಯರು ಬಹಿರಂಗವಾಗಿಯೇ ಹೇಳಿದ್ದರು. ನನಗೆ ಇದು ತುಂಬಾ ನೋವಿನ ವಿಷಯ. ಬಡಾವಣೆಯ ಗುರುತು, ಹೋರಾಟದ ಪರಂಪರೆ ಅಂತ ಹೇಳುವಾಗ ಈ ಹುಡುಗಿಯರ ಲೆಕ್ಕವೂ ಅದರಲ್ಲಿ ಸೇರಬೇಕು. ಸ್ಟೇಡಿಯಂ ಉಳಿಸಿ ಅಂತ ಕೂಗುವ ದನಿಯಲ್ಲೇ ಇದನ್ನೂ ಕೂಗಬೇಕು.

ಕೆಂಪುಪಟ್ಟಿ

ನೀವು ಹೇಳಿದ್ದು ಸರಿ ಮೇಡಂ. ಮೊದಲ ಪೋಸ್ಟಿನಲ್ಲೇ ನಾನು ಬರೆಯಬೇಕಿತ್ತು. ಒಂದು ಮಾತು ಸೇರಿಸುತ್ತೇನೆ. ಗ್ಯಾಲರಿಯಲ್ಲಿ ನನ್ನ ಪಕ್ಕ ಕೂರುತ್ತಿದ್ದ ಇಬ್ಬರು ಅಕ್ಕತಂಗಿಯರು ಆ ತಂಡ ಗೆದ್ದ ವರ್ಷಗಳನ್ನು ಬೆರಳು ಮಡಚಿ ಹೇಳುತ್ತಿದ್ದರು. ಅವರ ಬಾಯಲ್ಲೇ ನಾನು ಈ ಸಂಗತಿ ಮೊದಲು ಕೇಳಿದ್ದು.

ಎಡಬದಿ ಆಟಗಾರ

ಬುಕಾನೆರೋಸ್ ಅನ್ನುವ ಅಭಿಮಾನಿ ಗುಂಪಿನ ಬಗ್ಗೆ ಯಾರಾದರೂ ಹೇಳಿ. ಕೆಲವರು ಅವರನ್ನು ಹೊಗಳುತ್ತಾರೆ, ಕೆಲವರು ಪುಂಡರು ಅನ್ನುತ್ತಾರೆ.

ಕೆಂಪುಪಟ್ಟಿ

1992ರಲ್ಲಿ ಶುರುವಾದ ಗುಂಪು. ಗೋಡೆಗೆ ಎದುರಿನ ಕಡೆ, ಇನ್ನೊಂದು ಗೋಲಿನ ಹಿಂದಿನ ಗ್ಯಾಲರಿ ಅವರದು. ಎಡಪಂಥೀಯರು. ಜನಾಂಗ ದ್ವೇಷ, ಫ್ಯಾಸಿಸಂ ಎರಡಕ್ಕೂ ಕಟ್ಟಾ ವಿರೋಧಿಗಳು. ಬುಕಾನೆರೋಸ್ ಅಂದರೆ ಕಡಲ್ಗಳ್ಳರು. ಸಮುದ್ರ 300 ಕಿಲೋಮೀಟರ್‌ಗಿಂತ ಜಾಸ್ತಿ ದೂರ ಇದೆ, ಆದರೂ ವಾಯೆಕಾಸ್‌ನವರು ತಮ್ಮದು ಬಂದರು ಪಟ್ಟಣ ಅಂತ ಹೇಳಿಕೊಳ್ಳುತ್ತಾರೆ. 1980ರ ದಶಕದ ಶುರುವಿನಿಂದ ಪ್ರತಿ ಜುಲೈನಲ್ಲಿ "ನೌಕಾ ಯುದ್ಧ" ಅಂತ ಬೀದಿಯಲ್ಲಿ ನೀರೆರಚುವ ಹಬ್ಬ ಮಾಡುತ್ತಾರೆ. ಬಕೆಟ್, ಪೈಪು, ನೀರಿನ ಬಂದೂಕು, ಏನು ಸಿಕ್ಕಿದರೂ ಸರಿ. ನಾನು ಲ್ಯಾಪ್‌ಟಾಪ್ ಬ್ಯಾಗ್ ಹಾಕಿಕೊಂಡು ಹೊರಟಿದ್ದೆ. ಒಬ್ಬ ಹುಡುಗಿ ಬ್ಯಾಗ್ ನೋಡಿ, ಅದನ್ನು ಬಾಗಿಲೊಳಗೆ ಇಡಿಸಿ, ಆಮೇಲೆ ಒಂದು ಬಕೆಟ್ ನೀರು ತಲೆ ಮೇಲೆ ಸುರಿದಳು.

ಊರಿನ ಹೆಸರನ್ನೂ "ಸಿ" ಬದಲು "ಕೆ" ಹಾಕಿ ಬರೆಯುತ್ತಾರೆ. ಗೋಡೆಗಳ ಮೇಲೆಲ್ಲ ಹಾಗೇ ಇರುತ್ತೆ.

ನೇರ ಮಾತು

ಅವರ ಎಲ್ಲವನ್ನೂ ಒಪ್ಪಲಾಗದು. 2017ರಲ್ಲಿ ರಾಯೊದವರು ಬೆಟಿಸ್ ಕ್ಲಬ್ಬಿನಿಂದ ಉಕ್ರೇನ್‌ನ ಆಟಗಾರ ರೋಮನ್ ಝೋಝುಲ್ಯಾನನ್ನು ಸ್ವಲ್ಪ ಕಾಲಕ್ಕೆ ಎರವಲಾಗಿ ತಂದರು. ಅವನಿಗೆ ನವನಾಜಿಗಳ ನಂಟಿದೆ ಅಂತ ಅಭಿಮಾನಿಗಳು ಗಲಾಟೆ ಮಾಡಿದರು. ಅವನು ಅದನ್ನು ಅಲ್ಲಗಳೆದ. ಆದರೂ ವಾಪಸ್ ಹೋಗಬೇಕಾಯಿತು. 2019ರ ಡಿಸೆಂಬರ್‌ನಲ್ಲಿ ಅವನು ಅಲ್ಬಾಸೆಟೆ ಪರ ಆಡಲು ಅದೇ ಮೈದಾನಕ್ಕೆ ಬಂದಾಗ ಕೂಗು ಎಷ್ಟಾಯಿತು ಅಂದರೆ ಪಂದ್ಯವನ್ನು ಅರ್ಧಕ್ಕೇ ನಿಲ್ಲಿಸಿದರು. ಉಳಿದ ಅರ್ಧ ಮುಗಿದದ್ದು 2020ರ ಜೂನ್‌ನಲ್ಲಿ, ಖಾಲಿ ಗ್ಯಾಲರಿ ಮುಂದೆ. ಒಬ್ಬ ಮನುಷ್ಯನ ಹಿಂದೆ ಇಡೀ ಸ್ಟೇಡಿಯಂ ಬೀಳುವುದು ನನಗೆ ಸರಿ ಕಾಣುವುದಿಲ್ಲ.

ಬೆಂಚಿನಿಂದ

ನಾನು ನಿಮ್ಮ ಮಾತನ್ನು ಅರ್ಧ ಒಪ್ಪುತ್ತೇನೆ. ಆದರೆ ಇದೇ ಜನ 2021ರ ಏಪ್ರಿಲ್‌ನಲ್ಲಿ ಮಾಡಿದ್ದನ್ನೂ ನೋಡಿ. ಬಲಪಂಥೀಯ ಪಕ್ಷ ವೋಕ್ಸ್‌ನ ನಾಯಕರನ್ನು ಕ್ಲಬ್ಬಿನ ಅಧ್ಯಕ್ಷರೇ ವಿಐಪಿ ಬಾಕ್ಸಿಗೆ ಕರೆದು ಕೂರಿಸಿದರು. ಆಮೇಲೆ ಅಭಿಮಾನಿಗಳು ಕೊರೊನಾ ಕಾಲದ ಬಿಳಿ ರಕ್ಷಣಾ ಉಡುಪು ಹಾಕಿಕೊಂಡು ಬಂದು ಸ್ಟೇಡಿಯಂ ಸೋಂಕು ತೆಗೆಯುವ ಹಾಗೆ ತೊಳೆದರು. ಯಾರಿಗೂ ಒಂದು ಏಟು ಬೀಳಲಿಲ್ಲ. ಹೇಳಬೇಕಾದ್ದನ್ನು ಹೇಳಿದರು.

ಹಳೇ ಪುಟ

ನನಗೆ ರಾಯೊ ಅಂದರೆ ವಿಲ್ಫ್ರೆಡ್. ಸ್ವಲ್ಪ ಉದ್ದ ಬರೆಯುತ್ತೇನೆ, ಕ್ಷಮಿಸಿ.

ವಿಲ್ಫ್ರೆಡ್ ಅಗ್ಬೊನಾವ್ಬಾರೆ, ನೈಜೀರಿಯಾದ ಗೋಲ್‌ಕೀಪರ್. 1990ರಲ್ಲಿ ರಾಯೊಗೆ ಬಂದ, 1996ರವರೆಗೆ ಆಡಿದ. 1994ರ ವಿಶ್ವಕಪ್‌ಗೆ ಹೋದ ನೈಜೀರಿಯಾ ತಂಡದಲ್ಲೂ ಇದ್ದ. ಆಗ ಸ್ಪೇನ್‌ನಲ್ಲಿ ಕಪ್ಪು ಗೋಲ್‌ಕೀಪರ್ ಕಾಣುವುದೇ ಅಪರೂಪ. ಬೇರೆ ಮೈದಾನಗಳಲ್ಲಿ ಅವನ ಬಣ್ಣ ಹಿಡಿದು ಕೂಗುತ್ತಿದ್ದರು. ಹೇಳಬಾರದ ಮಾತು. ವಾಯೆಕಾಸ್‌ನಲ್ಲಿ ಮಾತ್ರ ಅವನು ಮನೆ ಮಗ.

ಆಟ ಮುಗಿದ ಮೇಲೆ ಕೈಯಲ್ಲಿ ದುಡ್ಡು ಉಳಿಯಲಿಲ್ಲ. ಹೆಂಡತಿಗೆ ಕ್ಯಾನ್ಸರ್ ಬಂತು, ಇದ್ದದ್ದೆಲ್ಲ ಚಿಕಿತ್ಸೆಗೆ ಹೋಯಿತು. ಹೆಂಡತಿಯೂ ಉಳಿಯಲಿಲ್ಲ. ವಿಶ್ವಕಪ್ ತಂಡದಲ್ಲಿದ್ದ ಮನುಷ್ಯ ಬರಾಹಾಸ್ ವಿಮಾನ ನಿಲ್ದಾಣದಲ್ಲಿ ಲಗೇಜ್ ಹೊರುವ ಕೆಲಸ ಮಾಡಿದ. ಕೊನೆಗೆ ಅವನಿಗೂ ಕ್ಯಾನ್ಸರ್. 2015ರ ಜನವರಿಯಲ್ಲಿ ತೀರಿಕೊಂಡ. 48 ವರ್ಷ.

ಸ್ಟೇಡಿಯಂನ ಒಂದು ಗೇಟಿಗೆ ಅವನ ಹೆಸರಿದೆ. ಜಗತ್ತಿನಲ್ಲಿ ಸ್ಟೇಡಿಯಂ ಗೇಟುಗಳಿಗೆ ಕಪ್ ಎತ್ತಿದ ನಾಯಕರ ಹೆಸರು, ಮಾಲೀಕರ ಹೆಸರು ಇರುತ್ತೆ. ಇಲ್ಲಿ ಸೂಟ್‌ಕೇಸ್ ಹೊತ್ತ ಗೋಲ್‌ಕೀಪರ್‌ನ ಹೆಸರಿದೆ. ಸ್ಟೇಡಿಯಂ ಸ್ಥಳಾಂತರ ಅಂದಾಗ ನನಗೆ ಮೊದಲು ನೆನಪಾದದ್ದು ಆ ಗೇಟು.

ಎರಡನೇ ಅರ್ಧ

ಓದಿ ಕಣ್ಣು ತುಂಬಿತು.

ಗೋಲ್‌ಪೋಸ್ಟ್

ನನಗೂ. ಆದರೂ ನನ್ನ ಪ್ರಶ್ನೆ ಹಾಗೇ ಇದೆ. ಹಳೇ ಕಟ್ಟಡ, ಸೋರುವ ಮಾಡು, ಗಾಲಿಕುರ್ಚಿಯಲ್ಲಿ ಬರುವವರಿಗೆ ಕಷ್ಟ. ಬಡವರ ಬಡಾವಣೆ ಅಂತ ಬಡವರು ಮುರುಕು ಕುರ್ಚಿಯಲ್ಲೇ ಕೂರಬೇಕಾ? ಅವರಿಗೂ ಒಳ್ಳೆ ಸ್ಟೇಡಿಯಂ ಬೇಕಲ್ವಾ?

ಕೆಂಪುಪಟ್ಟಿ

ಇದು ಸರಿಯಾದ ಪ್ರಶ್ನೆ. ಇದನ್ನು ಕೇಳಿದ್ದಕ್ಕೆ ನಿಮಗೆ ಥ್ಯಾಂಕ್ಸ್. ಶೌಚಾಲಯ ನೋಡಿದವನು ನಾನು. ಅದನ್ನು ಯಾರೂ ಸಮರ್ಥಿಸಬಾರದು. ಸೀಸನ್ ಟಿಕೆಟ್‌ಗೆ ಬೆಳಗಿನ ಜಾವ ಹೋಗಿ ಸಾಲಲ್ಲಿ ನಿಂತಿದ್ದೇನೆ. ಎಲ್ಲ ಕ್ಲಬ್ಬುಗಳು ಫೋನಿನಲ್ಲೇ ಟಿಕೆಟ್ ಕೊಡುವ ಕಾಲದಲ್ಲಿ ಆಗ ಇಲ್ಲಿ ಕಿಟಕಿಯ ಮುಂದೆ ಸಾಲು ಇತ್ತು. ನನ್ನ ಮುಂದೆ ನಿಂತಿದ್ದ ಹಿರಿಯರೊಬ್ಬರು ಮಡಚುವ ಕುರ್ಚಿ ತಂದಿದ್ದರು. ಹಿಂದಿನ ರಾತ್ರಿಯಿಂದ ಇದ್ದರಂತೆ. ಇದನ್ನು ಹೆಮ್ಮೆ ಅಂತ ಹೇಳಿಕೊಳ್ಳಲು ನನಗೆ ಮನಸ್ಸಾಗುವುದಿಲ್ಲ. ಅದು ಅಭಿಮಾನಿಗಳ ಬಗ್ಗೆ ಇರುವ ತಾತ್ಸಾರ.

ಆದರೆ ಸೋರುವ ಮಾಡಿಗೆ ಉತ್ತರ ಮಾಡು ರಿಪೇರಿ. ಮನೆ ಖಾಲಿ ಮಾಡಿಸುವುದಲ್ಲ.

ನೇರ ಮಾತು

ಬರ್ಲಿನ್‌ನ ಯೂನಿಯನ್ ಕ್ಲಬ್ಬಿನ ಉದಾಹರಣೆ ಇಲ್ಲಿ ಹೊಂದುತ್ತೆ. ಅದೂ ದುಡಿಯುವ ಜನರ ಕ್ಲಬ್ಬು. 2008ರಲ್ಲಿ ಅವರ ಹಳೇ ಸ್ಟೇಡಿಯಂ ಲೀಗ್ ನಿಯಮಕ್ಕೆ ಸಾಲುತ್ತಿರಲಿಲ್ಲ, ಕೈಯಲ್ಲಿ ದುಡ್ಡಿಲ್ಲ. ಆಗ 2,000ಕ್ಕೂ ಜಾಸ್ತಿ ಅಭಿಮಾನಿಗಳು ತಾವೇ ಬಂದು ಕೆಲಸ ಮಾಡಿದರು. ಸುಮಾರು 1,40,000 ಗಂಟೆಗಳ ಬಿಟ್ಟಿ ದುಡಿಮೆ. ಸಿಮೆಂಟ್ ಕಲಸಿದರು, ಕಬ್ಬಿಣ ಕಟ್ಟಿದರು. ಇದ್ದ ಜಾಗದಲ್ಲೇ ಹೊಸದಾಯಿತು.

ಇನ್ನೊಂದು ಕಡೆ ಲಂಡನ್ನಿನ ವಿಂಬಲ್ಡನ್. 2003ರಲ್ಲಿ ಕ್ಲಬ್ಬನ್ನು ಮಿಲ್ಟನ್ ಕೀನ್ಸ್ ಊರಿಗೆ ಎತ್ತಿಕೊಂಡು ಹೋದರು. ಅಭಿಮಾನಿಗಳು ಅದಕ್ಕೂ ಮುಂಚೆ, 2002ರಲ್ಲೇ, ತಮ್ಮದೇ ಹೊಸ ಕ್ಲಬ್ಬು ಕಟ್ಟಿ ತೀರಾ ಕೆಳಗಿನ ಲೀಗ್‌ನಿಂದ ಶುರು ಮಾಡಿದ್ದರು. 2020ರಲ್ಲಿ ಮತ್ತೆ ಪ್ಲೌ ಲೇನ್‌ಗೆ, ತಮ್ಮ ಜಾಗಕ್ಕೆ ವಾಪಸ್ ಬಂದರು. ಬುಕಾನೆರೋಸ್ ವಿಷಯದಲ್ಲಿ ನನಗೆ ತಕರಾರಿದೆ. ಜಾಗದ ವಿಷಯದಲ್ಲಿ ನಾನು ಅವರ ಜೊತೆಗಿದ್ದೇನೆ.

ಗೋಲ್‌ಪೋಸ್ಟ್

ಯೂನಿಯನ್ ಕಥೆ ಗೊತ್ತಿರಲಿಲ್ಲ. ಇದ್ದ ಜಾಗದಲ್ಲೇ ಸರಿಮಾಡಬಹುದು ಅಂದರೆ ನನ್ನ ತಕರಾರು ಇಲ್ಲ. ಆದರೆ ಸುತ್ತ ಮನೆಗಳಿವೆ, ಆ ಗೋಡೆ ಕಡೆ ನಾಲ್ಕನೇ ಗ್ಯಾಲರಿ ಕಟ್ಟಲು ಜಾಗ ಇಲ್ಲ ಅಂತ ಕಾಣುತ್ತೆ. ಸೀಟು ಜಾಸ್ತಿ ಆಗುವುದಿಲ್ಲ. ಆ ನಷ್ಟ ಒಪ್ಪಿಕೊಳ್ಳಬೇಕಾಗುತ್ತೆ.

ಎಡಬದಿ ಆಟಗಾರ

14,700 ಸೀಟಲ್ಲೇ 2021ರ ಅಕ್ಟೋಬರ್‌ನಲ್ಲಿ ಬಾರ್ಸಿಲೋನಾವನ್ನು 1-0ಯಿಂದ ಸೋಲಿಸಿದರು. ಫಾಲ್ಕಾವೊ ಗೋಲು. ಅದೇ ರಾತ್ರಿ ಬಾರ್ಸಿಲೋನಾ ಕೋಚ್ ಕೆಲಸ ಕಳಕೊಂಡರು. 2024-25ರಲ್ಲಿ ಲೀಗ್‌ನಲ್ಲಿ 8ನೇ ಸ್ಥಾನ, ಕಾನ್ಫರೆನ್ಸ್ ಲೀಗ್‌ಗೆ ಅರ್ಹತೆ. 2000-01ರ ನಂತರ ಮೊದಲ ಸಲ ಯುರೋಪಿನ ಪಂದ್ಯಾವಳಿ. ಆ ಹಳೇ ಸಲ ಯುಯೆಫಾ ಕಪ್ ಕ್ವಾರ್ಟರ್ ಫೈನಲ್‌ವರೆಗೆ ಹೋಗಿದ್ದರು. ಸೀಟಿನ ಲೆಕ್ಕಕ್ಕೆ ಆಟ ನಿಲ್ಲುವುದಿಲ್ಲ ಅಣ್ಣ.

ಗ್ಯಾಲರಿ ಹುಡುಗಿ

2011 ಮರೆಯಬೇಡಿ. ಗಂಡಸರ ತಂಡಕ್ಕೆ ಮಾಲೀಕರಿಂದ ತಿಂಗಳುಗಟ್ಟಲೆ ಸಂಬಳ ಬಂದಿರಲಿಲ್ಲ. ಅದೇ ವರ್ಷ ಆಡಿ ಮೊದಲ ದರ್ಜೆಗೆ ಏರಿದರು. ಸಂಬಳ ಇಲ್ಲದೆ ದುಡಿಯುವುದು ಏನು ಅಂತ ಆ ಗ್ಯಾಲರಿಯಲ್ಲಿ ಕೂತವರಿಗೆ ಗೊತ್ತಿತ್ತು. ಅದಕ್ಕೇ ಆ ತಂಡದ ಹೆಸರು ತೆಗೆದರೆ ಈಗಲೂ ಎದ್ದು ನಿಲ್ಲುತ್ತಾರೆ.

ಉದ್ದ ಪಾಸ್

ಇಷ್ಟು ದಿನ ಓದುತ್ತಿದ್ದೆ, ಈಗ ಬರೆಯುತ್ತಿದ್ದೇನೆ. ಮುಂದಿನ ವಾರ ಕೆಲಸದ ಮೇಲೆ ಮ್ಯಾಡ್ರಿಡ್‌ಗೆ ಹೋಗುತ್ತಿದ್ದೇನೆ. ಪಂದ್ಯ ಇಲ್ಲ, ಆದರೂ ಒಂದು ಸಲ ಹೋಗಿ ನೋಡಬೇಕು ಅನ್ನಿಸಿದೆ. ಹೇಗೆ ಹೋಗುವುದು?

ಕೆಂಪುಪಟ್ಟಿ

ಮೆಟ್ರೊ 1ನೇ ಲೈನ್, ಪೋರ್ಟಾಸ್ಗೊದಲ್ಲಿ ಇಳಿಯಿರಿ. ಮೇಲೆ ಬಂದರೆ ಅಲ್ಲೇ. ಸುತ್ತಲೂ ಒಂದು ಸಲ ನಡೆಯಿರಿ, ಹದಿನೈದು ನಿಮಿಷ ಸಾಕು. ವಿಲ್ಫ್ರೆಡ್ ಗೇಟು ನೋಡಿ. ಗೋಡೆ ಕಡೆಯ ಅಪಾರ್ಟ್‌ಮೆಂಟನ್ನೂ ನೋಡಿ ಬನ್ನಿ, ನನಗೋಸ್ಕರ.

ಉದ್ದ ಪಾಸ್

ಹೋಗಿ ಬಂದೆ. ಗೇಟು ಮುಚ್ಚಿತ್ತು, ಹೆಸರು ಓದಿದೆ. ಅಲ್ಲಿ ನಿಂತಿದ್ದಾಗ ಕೆಲಸ ಮುಗಿಸಿ ಬಂದ ಒಬ್ಬರು ಕೈಯಲ್ಲಿ ಹೆಲ್ಮೆಟ್ ಹಿಡಿದುಕೊಂಡೇ ನನ್ನನ್ನು ಮಾತಾಡಿಸಿದರು. ಎಲ್ಲಿಂದ ಅಂತ ಕೇಳಿದರು. ಇಂಡಿಯಾ ಅಂದೆ. ಹೆಸರಿನ ಕಡೆ ಬೆರಳು ತೋರಿಸಿ "ಗೊತ್ತಾ?" ಅಂದರು. ಗೊತ್ತು ಅಂದೆ. ವಿಮಾನ ನಿಲ್ದಾಣ, ಸೂಟ್‌ಕೇಸ್, ಅಂತ ನನಗೆ ಬರುವ ನಾಲ್ಕು ಸ್ಪ್ಯಾನಿಷ್ ಪದ ಹೇಳಿದೆ. ಅವರು ಸ್ವಲ್ಪ ಹೊತ್ತು ಏನೂ ಮಾತಾಡಲಿಲ್ಲ. ಆಮೇಲೆ ನನ್ನ ಹೆಗಲು ತಟ್ಟಿ, ರಸ್ತೆ ದಾಟಿ ಹೋದರು.

ಮೂರನೇ ಮಹಡಿಯ ಬಾಲ್ಕನಿ ನೋಡಿದೆ ಸರ್. ಬಟ್ಟೆ ಒಣಗಿಹಾಕಿದ್ದಾರೆ. ಟವೆಲ್ ಇರಲಿಲ್ಲ. ಮಗುವಿನದೊಂದು ಬಿಳಿ ಜೆರ್ಸಿ ಇತ್ತು, ಎದೆಗೆ ಅಡ್ಡಲಾಗಿ ಪಟ್ಟಿ.